ಅನುವಾದಕ ಯಾರು?

ಒಂದು ಭಾಷೆಯಲ್ಲಿ ಹುಟ್ಟಿದ ಅರ್ಥವನ್ನು ಇನ್ನೊಂದು ಭಾಷೆಗೆ ಒಯ್ಯುವ ಕೆಲಸ ಬಹಳ ಹಳೆಯದು. ಆದರೆ ಆ ಕೆಲಸ ಮಾಡಿದವನನ್ನು ನೆನೆಯುವವರು ಕಡಮೆ. ಬರೆಹ ಚೆನ್ನಾಗಿದ್ದರೆ ಕೀರ್ತಿಯೆಲ್ಲ ಮೂಲಕವಿಗೆ. ಎಲ್ಲಿಯಾದರೂ ಎಡವಿದಂತಾದರೆ ದೂರೆಲ್ಲ ಅನುವಾದಕನಿಗೆ! ಐಚ್ಛಿಕ ಕನ್ನಡವನ್ನು ಆರಿಸಿಕೊಂಡಿರುವ ನಮಗೆ ಅನುವಾದವೆಂಬುದು ಪಾಠದ ವಿಷಯ. ಅದು ಕಲೆಯೋ ಶಾಸ್ತ್ರವೋ ಎಂಬ ಪ್ರಶ್ನೆಗೆ ಎರಡು ಪುಟಗಳ ಉತ್ತರವನ್ನು ಬರೆದು ಬಂದವರು ನಾವು. ಹೀಗಿರಲು, ಮನುಷ್ಯನು ಮಾತು ಕಲಿಯುವುದಕ್ಕೆ ನೂರಾರು ಕೋಟಿ ವರ್ಷಗಳ ಮೊದಲೇ ಅನುವಾದವೊಂದು ನಡೆಯುತ್ತಿತ್ತು, ಈ ಕ್ಷಣದಲ್ಲಿ ನಮ್ಮ ಮೈಯ ಜೀವಕೋಶಗಳಲ್ಲಿಯೂ ನಡೆಯುತ್ತಿದೆ ಎಂದು ಕೇಳಿದರೆ ಸೋಜಿಗವಾಗದಿರುತ್ತದೆಯೆ?

ನಾನು ಅಂತಿಮ ಬಿ.ಎ. ತರಗತಿಯವನು. ವಿಜ್ಞಾನಕ್ಕೂ ನನಗೂ ಇದ್ದ ನಂಟು ಹತ್ತನೆಯ ತರಗತಿಗೇ ಮುಗಿದಿತ್ತು. ಆದರೆ ವಿದ್ಯಾರ್ಥಿನಿಲಯದಲ್ಲಿ ನನ್ನ ಕೋಣೆಯ ಗೆಳೆಯ ಬೇರೊಂದು ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುತ್ತಾನೆ. ಪರೀಕ್ಷೆ ಹತ್ತಿರ ಬಂದಂತೆ ಗಟ್ಟಿಯಾಗಿ ಓದುವುದು ಅವನ ಅಭ್ಯಾಸ. ಒಂದು ರಾತ್ರಿ ಅವನ ಬಾಯಲ್ಲಿ 'ಟ್ರಾನ್ಸ್‌ಲೇಷನ್' ಎಂಬ ಮಾತು ಮೇಲಿಂದ ಮೇಲೆ ಬಂದುದನ್ನು ಕೇಳಿ, "ಏನೋ, ನಿಮ್ಮ ಶಾಸ್ತ್ರದಲ್ಲಿಯೂ ಅನುವಾದವುಂಟೇನೋ?" ಎಂದೆ. ಅವನು ನಕ್ಕು ಪುಸ್ತಕವನ್ನು ನನ್ನ ಕಡೆಗೆ ಸರಿಸಿದ. ಅಂದಿನಿಂದ ಅವನಿಂದ ಕೇಳಿಯೂ ಗ್ರಂಥಾಲಯದಲ್ಲಿ ಓದಿಯೂ ತಿಳಿದುಕೊಂಡುದನ್ನು ನನ್ನಂತಹ ಕಲಾವಿಭಾಗದ ಮಿತ್ರರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಜೀವಕೋಶದಲ್ಲಿ ಎರಡು ಭಾಷೆಗಳುಂಟು. ಒಂದು ಡಿ.ಎನ್.ಎ., ಆರ್.ಎನ್.ಎ.ಗಳ ಭಾಷೆ. ಅದಕ್ಕೆ ನಾಲ್ಕೇ ಅಕ್ಷರಗಳು. ಆರ್.ಎನ್.ಎ.ಯಲ್ಲಿ ಅವನ್ನು ಎ, ಯು, ಜಿ, ಸಿ ಎಂದು ಕರೆಯುತ್ತಾರೆ. ಇನ್ನೊಂದು ಪ್ರೋಟೀನುಗಳ ಭಾಷೆ. ಅದಕ್ಕೆ 20 ಅಕ್ಷರಗಳು. ಅವುಗಳ ಹೆಸರು ಅಮೈನೋ ಆಮ್ಲಗಳು. ನಮ್ಮ ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಹೀಮೋಗ್ಲೋಬಿನ್, ಅನ್ನವನ್ನು ಅರಗಿಸುವ ಕಿಣ್ವಗಳು, ಇವೆಲ್ಲ ಆ ಎರಡನೆಯ ಭಾಷೆಯ ವಾಕ್ಯಗಳು. ಆದರೆ ಅವುಗಳನ್ನು ಕಟ್ಟುವ ಆದೇಶ ಬಂದಿರುವುದು ಮೊದಲನೆಯ ಭಾಷೆಯಲ್ಲಿ! ಆದೇಶದ ಮೂರು ಮೂರು ಅಕ್ಷರಗಳನ್ನು ಒಂದು ಪದದಂತೆ ಓದಬೇಕು. ಇಂತಹ ಪದಗಳು 64. ಅವುಗಳಲ್ಲಿ 61 ಅಮೈನೋ ಆಮ್ಲಗಳನ್ನು ಸೂಚಿಸಿದರೆ ಉಳಿದ ಮೂರು ಪೂರ್ಣವಿರಾಮಗಳು. ಉದಾಹರಣೆಗೆ 'ಯು ಜಿ ಯು' ಎಂದಿದ್ದರೆ ಸಿಸ್ಟೀನ್ ಎಂಬ ಅಮೈನೋ ಆಮ್ಲವನ್ನು ಇಡಬೇಕೆಂದು ಅರ್ಥ. ಈ ಜೋಡಣೆ ನಡೆಯುವ ಕಮ್ಮಟವೇ ರೈಬೋಸೋಮು.

ಆದರೆ 'ಯು ಜಿ ಯು' ಎಂಬ ಮೂರಕ್ಷರಕ್ಕೂ ಸಿಸ್ಟೀನಿಗೂ ರೂಪದಲ್ಲಿ ಯಾವ ಹೋಲಿಕೆಯೂ ಇಲ್ಲ. 'ಮರ' ಎಂಬ ಅಕ್ಷರಗಳಲ್ಲಿ ಎಲೆಯೂ ಇಲ್ಲ, ನೆರಳೂ ಇಲ್ಲ, ಹಾಗೆಯೇ ಇದು. ಇವೆರಡನ್ನೂ ಬಲ್ಲವರು ಯಾರಾದರೂ ನಡುವೆ ಇರಲೇಬೇಕು. ಈ ಅಗತ್ಯವನ್ನು ಮೊದಲು ಸ್ಪಷ್ಟವಾಗಿ ಕಂಡವರು ಫ್ರಾನ್ಸಿಸ್ ಕ್ರಿಕ್. ಅವರು 1955ರಲ್ಲಿ ತಮ್ಮ ಗೆಳೆಯರ ಕೂಟದಲ್ಲಿ ಹಂಚಿದ ಒಂದು ಟಿಪ್ಪಣಿಯಲ್ಲಿ, ಪ್ರತಿಯೊಂದು ಅಮೈನೋ ಆಮ್ಲಕ್ಕೂ ಒಂದೊಂದು ಮಧ್ಯಸ್ಥ ಅಣು ಇರಬೇಕು, ಅವೆರಡನ್ನು ಬೆಸೆಯಲು ಒಂದೊಂದು ಕಿಣ್ವವೂ ಇರಬೇಕು ಎಂದು ಊಹಿಸಿದರು. ಅದೇ ಕಾಲದಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಮಹ್ಲನ್ ಹೋಗ್ಲಂಡ್ ಮತ್ತು ಪಾಲ್ ಝಮೆಕ್ನಿಕ್ ಎಂಬವರು ಈ ಊಹೆಯ ಸುದ್ದಿಯನ್ನೇ ಅರಿಯದೆ, ಇಲಿಯ ಯಕೃತ್ತನ್ನು ಅರೆದು ಪರೀಕ್ಷಿಸುತ್ತ ಅಂತಹ ಅಣುವನ್ನೇ ಕಂಡರು. ಅದರ ವಿವರ 1958ರಲ್ಲಿ ಪ್ರಕಟವಾಯಿತು. ಅದನ್ನು ಇಂದು ಟ್ರಾನ್ಸ್‌ಫರ್ ಆರ್.ಎನ್.ಎ. ಎನ್ನುತ್ತಾರೆ. ನಾನು ಇಲ್ಲಿ ಸಾಗಣೆಯ ಅಣುವೆಂದು ಕರೆಯುತ್ತೇನೆ.

1965ರಲ್ಲಿ ರಾಬರ್ಟ್ ಹಾಲಿ ಎಂಬ ವಿಜ್ಞಾನಿ ಇಂತಹ ಒಂದು ಅಣುವಿನ 77 ಅಕ್ಷರಗಳನ್ನೂ ಸಾಲಾಗಿ ಓದಿದರು. ಅದು ಅಲನಿನ್ ಎಂಬ ಅಮೈನೋ ಆಮ್ಲವನ್ನು ಹೊರುವ ಅಣು. ಅದಕ್ಕಾಗಿ ಅವರ ತಂಡ ಸುಮಾರು 140 ಕಿಲೋಗ್ರಾಂ ಯೀಸ್ಟನ್ನು ಸೋಸಿ ಒಂದು ಗ್ರಾಂ ಶುದ್ಧ ವಸ್ತುವನ್ನು ಪಡೆಯಿತಂತೆ! ಈ ಅಣು ಇಂಗ್ಲಿಷಿನ 'ಎಲ್' ಅಕ್ಷರದಂತೆ ಬಾಗಿರುತ್ತದೆ. ಒಂದು ತುದಿಯಲ್ಲಿ ಆದೇಶದ ಮೂರಕ್ಷರಕ್ಕೆ ಸರಿಯಾಗಿ ಹೊಂದುವ ಮೂರಕ್ಷರದ ಪ್ರತಿಸಂಕೇತವಿದೆ; ಮತ್ತೊಂದು ತುದಿಯಲ್ಲಿ ಅಮೈನೋ ಆಮ್ಲ ಕುಳಿತುಕೊಳ್ಳುವ ಜಾಗವಿದೆ. ಪಠ್ಯಪುಸ್ತಕದ ಚಿತ್ರವನ್ನು ನೋಡಿದವರಿಗೆ ಇದೇ ಅನುವಾದಕನೆಂದು ತೋರುವುದು ಸಹಜ. ನನಗೂ ಹಾಗೆಯೇ ತೋರಿತ್ತು. ಆದರೆ ಮುಂದೆ ಓದಿದ ಒಂದು ಪ್ರಯೋಗದ ಕಥೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿತು.

ಆ ಪ್ರಯೋಗ ನಡೆದುದು 1962ರಲ್ಲಿ. ಶಾಪ್‌ವಿಲ್, ಲಿಪ್‌ಮನ್, ಬೆಂಜರ್ ಮೊದಲಾದವರು ಸಿಸ್ಟೀನನ್ನು ಹೊತ್ತ ಸಾಗಣೆಯ ಅಣುಗಳನ್ನು ತೆಗೆದುಕೊಂಡರು. ರೇನಿ ನಿಕೆಲ್ ಎಂಬ ವಸ್ತುವನ್ನು ಸೇರಿಸಿ, ಹೊರೆಯಾಗಿ ಕುಳಿತಿದ್ದ ಸಿಸ್ಟೀನಿನಿಂದ ಗಂಧಕವನ್ನು ಕಿತ್ತುಹಾಕಿದರು. ಗಂಧಕ ಹೋದ ಸಿಸ್ಟೀನು ಅಲನಿನ್ ಆಗುತ್ತದೆ. ಈಗ ಗಾಡಿ ಸಿಸ್ಟೀನಿನದು, ಒಳಗಿರುವ ಸರಕು ಅಲನಿನ್! ಇದನ್ನು ರೈಬೋಸೋಮಿನ ಮುಂದೆ ತಂದು ಬಿಟ್ಟರೆ ಏನಾಗಬೇಕು? ರೈಬೋಸೋಮು ಸರಕನ್ನು ನೋಡಿ ತಿರಸ್ಕರಿಸುತ್ತದೆಯೆ? ಇಲ್ಲ. ಪ್ರತಿಸಂಕೇತವು ಆದೇಶಕ್ಕೆ ಹೊಂದುತ್ತದೆಯೆ ಎಂದಷ್ಟೇ ನೋಡಿತು, ಹೊಂದಿತು, ಸಿಸ್ಟೀನು ಇರಬೇಕಾದೆಡೆ ಅಲನಿನನ್ನು ಸೇರಿಸಿಬಿಟ್ಟಿತು.

ಹಾಗಾದರೆ ಸಾಗಣೆಯ ಅಣುವಿಗೆ ತಾನು ಹೊತ್ತಿರುವುದು ಏನೆಂಬುದು ತಿಳಿಯದು. ರೈಬೋಸೋಮಿಗೂ ತಿಳಿಯದು. ಎರಡು ಭಾಷೆಗಳನ್ನೂ ಬಲ್ಲವರು ಇವರಿಬ್ಬರೂ ಅಲ್ಲ. ಕ್ರಿಕ್ ಊಹಿಸಿದ್ದ ಆ ಮೂರನೆಯವನೇ, ಅಮೈನೋ ಆಮ್ಲವನ್ನು ತಕ್ಕ ಅಣುವಿನ ಮೇಲೆ ಕೂರಿಸುವ ಕಿಣ್ವವೇ, ನಿಜವಾದ ಅನುವಾದಕ. ಅಮೈನೋಆಸಿಲ್ ಟಿ.ಆರ್.ಎನ್.ಎ. ಸಿಂಥೆಟೇಸ್ ಎಂಬ ಉದ್ದನೆಯ ಹೆಸರು ಅದಕ್ಕೆ. ಜೋಡಣೆಯ ಕಿಣ್ವ ಎಂದರೆ ಸಾಕು. ಅದು ತಪ್ಪಾಗಿ ಜೋಡಿಸಿದರೆ ಮುಂದಿನ ಕಮ್ಮಟದಲ್ಲಿ ಆ ತಪ್ಪನ್ನು ಹಿಡಿಯುವವರಿಲ್ಲ.

ಇದನ್ನು ಓದಿದಾಗ ನನಗೆ ನೆನಪಾದುದು ನಮ್ಮ ಮನೆಯ ಒಂದು ಕಾಗದ. ನಮ್ಮ ತಂದೆತಾಯಿಗಳಿಗೆ ಓದುಬರಹ ಬಾರದು. ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಊರಿನ ಒಬ್ಬರು ಸಾಲ ಪಡೆಯುವ ಸಂದರ್ಭದಲ್ಲಿ ಅಪ್ಪನನ್ನು ಜತೆಗೆ ಕರೆದೊಯ್ದರು. ಕಾಗದಪತ್ರಗಳನ್ನು ಓಡಾಡಿ ಮಾಡಿಸಿಕೊಡುವವನೊಬ್ಬ, "ಸಾಕ್ಷಿಗೆ ಒಂದು ಹೆಬ್ಬೆಟ್ಟು ಒತ್ತಣ್ಣ, ಅಷ್ಟೆಯ" ಎಂದ. ಅಪ್ಪ ಒತ್ತಿದರು. ಕಾಗದದಲ್ಲಿ ಇದ್ದುದು ಸಾಕ್ಷಿಯಲ್ಲ, ಜಾಮೀನು. ಸಾಲ ಪಡೆದವರು ಎರಡು ವರ್ಷಕ್ಕೆ ಊರು ಬಿಟ್ಟರು. ನೋಟೀಸು ನಮ್ಮ ಮನೆಗೆ ಬಂತು. ಕರೆಯುತ್ತಿದ್ದ ಎರಡು ಎಮ್ಮೆಗಳು ಹೋದವು, ಅವ್ವನ ಓಲೆ ಹೋಯಿತು. ನನಗಿಂತ ಚೆನ್ನಾಗಿ ಓದುತ್ತಿದ್ದ ಅಕ್ಕ ಹತ್ತನೆಯ ತರಗತಿಯ ಮೇಲೆ ಓದಲಿಲ್ಲ. ಅಪ್ಪ ಕಚೇರಿಗೆ ಹೋಗಿ ಅಂಗಲಾಚಿದಾಗ ಅಲ್ಲಿಯವರು ಕಾಗದವನ್ನು ತಿರುಗಿಸಿ ತೋರಿಸಿ, "ಈ ಹೆಬ್ಬೆಟ್ಟು ನಿನ್ನದು ಹೌದೋ ಅಲ್ಲವೋ?" ಎಂದರಂತೆ. ಹೌದು, ಅಪ್ಪನದೇ. ಕಚೇರಿಗೆ ಬೇಕಾದುದು ಅಷ್ಟೆ. ಆ ಹೆಬ್ಬೆಟ್ಟಿನ ಹಿಂದೆ ಅಪ್ಪನ ಮನಸ್ಸಿನಲ್ಲಿ ಯಾವ ಅರ್ಥ ಕುಳಿತಿತ್ತು ಎಂಬುದನ್ನು ನೋಡುವ ಕಣ್ಣು ಕಚೇರಿಗೆ ಇರಲಿಲ್ಲ. ಅದನ್ನು ಸರಿಯಾಗಿ ಕೂರಿಸಬೇಕಾಗಿದ್ದವನು ಓದಿ ಹೇಳಿದವನು.

ಇರಲಿ, ಮತ್ತೆ ಜೀವಕೋಶಕ್ಕೆ ಹೋಗೋಣ. ಅಲ್ಲಿನ ಅನುವಾದಕ ಇಷ್ಟು ದೊಡ್ಡ ಹೊಣೆಯನ್ನು ಹೇಗೆ ನಿರ್ವಹಿಸುತ್ತಾನೆ? ಅವನು ಎರಡು ಕಡೆ ಆರಿಸಬೇಕು: ಇಪ್ಪತ್ತು ಅಮೈನೋ ಆಮ್ಲಗಳಲ್ಲಿ ತನ್ನದನ್ನು, ಹತ್ತಾರು ಬಗೆಯ ಸಾಗಣೆಯ ಅಣುಗಳಲ್ಲಿ ತನ್ನವನ್ನು.

ಮೊದಲನೆಯ ಆಯ್ಕೆಯ ಕಷ್ಟವನ್ನು ನೋಡಿ. ಐಸೋಲ್ಯೂಸಿನ್, ವ್ಯಾಲಿನ್ ಎಂಬ ಎರಡು ಅಮೈನೋ ಆಮ್ಲಗಳಿವೆ. ಐಸೋಲ್ಯೂಸಿನಿನಲ್ಲಿ ಒಂದು ಇಂಗಾಲ, ಎರಡು ಜಲಜನಕದ ಪರಮಾಣುಗಳು ಹೆಚ್ಚು. ಉಳಿದಂತೆ ಇವು ಅಣ್ಣತಮ್ಮಂದಿರು. ದೊಡ್ಡದು ಕೂರುವ ಗೂಡಿನಲ್ಲಿ ಚಿಕ್ಕದು ಕೂರದಂತೆ ಮಾಡುವುದು ಹೇಗೆ? ಲೈನಸ್ ಪಾಲಿಂಗ್ 1950ರ ದಶಕದ ಕೊನೆಯಲ್ಲಿ ಲೆಕ್ಕ ಹಾಕಿ, ಬರಿಯ ಆಕಾರವನ್ನು ನಂಬಿದರೆ ಸುಮಾರು 20ಕ್ಕೆ ಒಂದು ಸಲ ತಪ್ಪಾಗಬೇಕು ಎಂದರು. ಆದರೆ ಜೀವಕೋಶದಲ್ಲಿ ಅಳೆದು ನೋಡಿದಾಗ ತಪ್ಪು ಕಂಡುದು ಸುಮಾರು 3,000ಕ್ಕೆ ಒಂದು! ಪಾಲಿಂಗರ ಲೆಕ್ಕದಲ್ಲಿ ಸೇರದ ಯಾವುದೋ ಒಂದು ಎಚ್ಚರ ಅಲ್ಲಿ ಕೆಲಸ ಮಾಡುತ್ತಿರಬೇಕು.

1966ರಲ್ಲಿ ಬಾಲ್ಡ್ವಿನ್ ಮತ್ತು ಬರ್ಗ್ ಎಂಬವರು ಅದರ ಸುಳಿವನ್ನು ಹಿಡಿದರು. ಐಸೋಲ್ಯೂಸಿನ್ ಕಿಣ್ವವು ಒಮ್ಮೊಮ್ಮೆ ವ್ಯಾಲಿನನ್ನು ಎತ್ತಿಕೊಳ್ಳುವುದು ನಿಜವೇ. ಆದರೆ ತಾನು ಎತ್ತಿಕೊಂಡುದನ್ನು ಮತ್ತೊಮ್ಮೆ ಪರೀಕ್ಷಿಸಿ, ವ್ಯಾಲಿನೆಂದು ತಿಳಿದರೆ ಬಿಡಿಸಿ ಹೊರಗೆ ಹಾಕುತ್ತದೆ. 1977ರಲ್ಲಿ ಅಲನ್ ಫರ್ಷ್ಟ್ ಇದನ್ನು ಎರಡು ಜರಡಿಗಳ ಉಪಾಯವೆಂದು ವಿವರಿಸಿದರು. ಈ ಹೋಲಿಕೆ ನಮ್ಮ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಾದುದಲ್ಲ. ಅವ್ವ ರಾಗಿಯನ್ನು ಹಸನು ಮಾಡುವಾಗ ಮೊದಲು ದೊಡ್ಡ ಕಣ್ಣಿನ ಜರಡಿ ಹಿಡಿಯುತ್ತಾಳೆ. ಕಡ್ಡಿ, ಹೆಂಟೆ ಮೇಲೆ ನಿಲ್ಲುತ್ತವೆ, ರಾಗಿ ಇಳಿಯುತ್ತದೆ. ಆಮೇಲೆ ಸಣ್ಣ ಕಣ್ಣಿನ ಜರಡಿ. ಅದರಲ್ಲಿ ಮರಳು ಇಳಿದುಹೋಗುತ್ತದೆ, ರಾಗಿ ನಿಲ್ಲುತ್ತದೆ. ಕಿಣ್ವದಲ್ಲಿಯೂ ಹೀಗೆಯೇ ಎರಡು ಗೂಡುಗಳು. ಮೊದಲನೆಯದು ಐಸೋಲ್ಯೂಸಿನಿಗಿಂತ ದೊಡ್ಡದನ್ನು ಒಳಗೆ ಬಿಡದು. ಎರಡನೆಯದು ಅದಕ್ಕಿಂತ ಚಿಕ್ಕದಕ್ಕೆ ಮಾತ್ರ ಜಾಗ ಕೊಟ್ಟು, ಒಳಗೆ ಬಂದುದನ್ನು ಕತ್ತರಿಸಿ ಕಳಿಸುತ್ತದೆ. ಎರಡನ್ನೂ ದಾಟಿ ಉಳಿಯುವುದು ಐಸೋಲ್ಯೂಸಿನ್. ಈ ಎರಡನೆಯ ಗೂಡು ಬೇರೆಯಾಗಿಯೇ ಇರುವುದನ್ನು 1998ರಲ್ಲಿ ಜಪಾನಿನ ವಿಜ್ಞಾನಿಗಳು ಕಿಣ್ವದ ರಚನೆಯಲ್ಲಿ ಕಂಡರು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಅಮೈನೋ ಆಮ್ಲವನ್ನು ಎತ್ತಿಕೊಳ್ಳುವಾಗಲೇ ಕಿಣ್ವವು ಎ.ಟಿ.ಪಿ. ಎಂಬ ಶಕ್ತಿಯ ನಾಣ್ಯವನ್ನು ವೆಚ್ಚಮಾಡುತ್ತದೆ. ತಪ್ಪನ್ನು ಹೊರಗೆ ಹಾಕಿದಾಗ ಆ ವೆಚ್ಚ ಹಿಂತಿರುಗಿ ಬಾರದು. ಆದರೂ ಜೀವಕೋಶ ಆ ನಷ್ಟಕ್ಕೆ ಒಪ್ಪಿದೆ. ಚರ್ಮದ ಸೋಂಕಿಗೆ ವೈದ್ಯರು ಬರೆದುಕೊಡುವ ಮುಪಿರೋಸಿನ್ ಮುಲಾಮು ಕೆಲಸ ಮಾಡುವುದು ಬ್ಯಾಕ್ಟೀರಿಯಗಳ ಇದೇ ಐಸೋಲ್ಯೂಸಿನ್ ಕಿಣ್ವವನ್ನು ತಡೆದು. ಅನುವಾದಕನ ಕೈ ಕಟ್ಟಿದರೆ ಸಾಕು, ಬ್ಯಾಕ್ಟೀರಿಯದ ಸಂಸಾರವೇ ನಿಂತುಹೋಗುತ್ತದೆ!

ಇನ್ನು ಎರಡನೆಯ ಆಯ್ಕೆ. ಸಾಗಣೆಯ ಅಣುಗಳೆಲ್ಲ ನೋಡಲು ಹೆಚ್ಚುಕಡಮೆ ಒಂದೇ ಆಕಾರ. ಸಂಜೆ ಊರ ದನಗಳು ದೂಳೆಬ್ಬಿಸುತ್ತ ಒಟ್ಟಿಗೆ ಬರುವಾಗ ಪರಸ್ಥಳದವರಿಗೆ ಎಲ್ಲವೂ ಒಂದೇ ಆಗಿ ಕಾಣುತ್ತವೆ. ಮನೆಯವರಿಗೆ ಹಾಗಲ್ಲ, ಒಂದನ್ನು ಕೊಂಬಿನಿಂದ, ಒಂದನ್ನು ಹಣೆಯ ಚುಕ್ಕಿಯಿಂದ, ಮತ್ತೊಂದನ್ನು ಕುಂಟುವ ನಡಿಗೆಯಿಂದ ಗುರುತಿಸುತ್ತಾರೆ. ಕಿಣ್ವಗಳೂ ಹಾಗೆಯೇ, ಒಂದೊಂದಕ್ಕೆ ಒಂದೊಂದು ಗುರುತು. ಮೆಥಿಯೋನಿನ್ ಕಿಣ್ವ ಮುಖ್ಯವಾಗಿ ಪ್ರತಿಸಂಕೇತವನ್ನೇ ನೋಡುತ್ತದೆ. ಸೀರಿನ್ ಕಿಣ್ವಕ್ಕೆ ಆ ದಾರಿ ಇಲ್ಲ. ಏಕೆಂದರೆ ಸೀರಿನಿಗೆ ಆರು ಸಂಕೇತಗಳು, ಅದರ ಅಣುಗಳ ಪ್ರತಿಸಂಕೇತಗಳು ಒಂದರಂತೆ ಒಂದಿಲ್ಲ. ಆದ್ದರಿಂದ ಅದು ಆ ಅಣುಗಳಿಗಿರುವ ಉದ್ದವಾದ ಒಂದು ಹೆಚ್ಚುವರಿ ತೋಳನ್ನು ಹಿಡಿದು ಗುರುತಿಸುತ್ತದೆ. ಎಲ್ಲಕ್ಕಿಂತ ವಿಚಿತ್ರವಾದುದು ಅಲನಿನ್. 1988ರಲ್ಲಿ ಯಾ-ಮಿಂಗ್ ಹೌ ಮತ್ತು ಪಾಲ್ ಶಿಮೆಲ್ ಎಂಬವರು, ಅಲನಿನ್ ಅಣುವಿನ 3ನೆಯ ಸ್ಥಾನದ 'ಜಿ' ಮತ್ತು 70ನೆಯ ಸ್ಥಾನದ 'ಯು' ಸೇರಿದ ಒಂದೇ ಒಂದು ಜೋಡಿ ಅದರ ಮುಖ್ಯ ಗುರುತೆಂದು ತೋರಿಸಿದರು. ಸಾಮಾನ್ಯವಾಗಿ 'ಜಿ'ಗೆ ಜೋಡಿ 'ಸಿ'. ಈ ಜೋಡಿಯೇ ಅಪರೂಪದ್ದು. ಇದನ್ನು ಸಿಸ್ಟೀನಿನ ಅಣುವಿನಲ್ಲಿ ತಂದಿಟ್ಟರೆ ಅದೂ ಅಲನಿನನ್ನು ಹೊರತೊಡಗುತ್ತದೆ. ಅಲನಿನ್ ಕಿಣ್ವ ಪ್ರತಿಸಂಕೇತದ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ.

ಒಂದು ಅಕ್ಷರದ ಮೇಲಿನ ಸಣ್ಣ ಗುರುತು ಕೂಡ ಎಷ್ಟು ಕೆಲಸ ಮಾಡಬಲ್ಲದು! 'ಸಾಲ' ಎಂಬುದಕ್ಕೆ ಕೊಂಬು ಹಾಕಿದರೆ 'ಸಾಲು' ಆಗುತ್ತದಷ್ಟೆ. ಇ. ಕೋಲಿ ಎಂಬ ಬ್ಯಾಕ್ಟೀರಿಯದಲ್ಲಿ ಒಂದು ಐಸೋಲ್ಯೂಸಿನ್ ಅಣುವಿದೆ. ಅದರ ಪ್ರತಿಸಂಕೇತದ 'ಸಿ' ಅಕ್ಷರಕ್ಕೆ ಲೈಸಿನ್ ಎಂಬ ಅಮೈನೋ ಆಮ್ಲವನ್ನು ಕೊಂಬಿನಂತೆ ಅಂಟಿಸಲಾಗಿರುತ್ತದೆ. ಆ ಕೊಂಬು ಇರುವವರೆಗೆ ಅದು ಐಸೋಲ್ಯೂಸಿನನ್ನು ಹೊರುತ್ತದೆ. ಇಲ್ಲವಾದರೆ ಮೆಥಿಯೋನಿನ್ ಕಿಣ್ವ ಅದನ್ನು ತನ್ನದೆಂದು ಎಳೆದುಕೊಳ್ಳುತ್ತದೆ.

ಇಷ್ಟೊಂದು ಎಚ್ಚರ ಬೇಕೆ ಎಂದು ಯಾರಾದರೂ ಕೇಳಬಹುದು. 2006ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಅದಕ್ಕೆ ಉತ್ತರ. ಕೆಲವು ಇಲಿಮರಿಗಳ ಮೈಕೂದಲು ಅಂಟಂಟಾಗಿ ಕಾಣುತ್ತಿತ್ತು. ಬೆಳೆದಂತೆ ಅವುಗಳ ನಡಿಗೆ ತಡವರಿಸತೊಡಗಿತು. ಮೆದುಳಿನ ಹಿಂಭಾಗದಲ್ಲಿ ನಡಿಗೆಯ ಹತೋಟಿಗೆ ಬೇಕಾದ ಪರ್ಕಿಂಜೆ ಕೋಶಗಳು ಸಾಯುತ್ತಿದ್ದವು. ಕಾರಣವನ್ನು ಹುಡುಕಿದಾಗ ಕಂಡುದು ಅಲನಿನ್ ಕಿಣ್ವದ ತಿದ್ದುವ ಭಾಗದಲ್ಲಿ ಒಂದೇ ಒಂದು ಬದಲಾವಣೆ. ಅಲನಿನ್ ಕೂರಬೇಕಾದ ಕಡೆ ಅಲ್ಲೊಮ್ಮೆ ಇಲ್ಲೊಮ್ಮೆ ಸೀರಿನ್ ಕೂತು ಹೋಗುತ್ತಿತ್ತು. ಕಿಣ್ವ ಕೆಲಸವನ್ನೇನೂ ನಿಲ್ಲಿಸಿರಲಿಲ್ಲ. ತಿದ್ದುವುದರಲ್ಲಿ ಕೊಂಚ ಸಡಿಲವಾಗಿತ್ತು, ಅಷ್ಟೆ. ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದಲ್ಲಿ ರಾಜನ್ ಶಂಕರನಾರಾಯಣನ್ ಅವರ ತಂಡ ಮತ್ತೊಂದು ಬಗೆಯ ಕಾವಲುಗಾರನನ್ನು ಅಭ್ಯಾಸ ಮಾಡಿದೆ. ಅಮೈನೋ ಆಮ್ಲಗಳಿಗೆ ಕನ್ನಡಿಯ ಬಿಂಬದಂತಹ ತಿರುವು ರೂಪಗಳುಂಟು. ಅಂತಹುದು ಅಪ್ಪಿತಪ್ಪಿ ಗಾಡಿ ಹತ್ತಿದ್ದರೆ, ಕಮ್ಮಟವನ್ನು ತಲಪುವ ಮೊದಲೇ ಇಳಿಸಿಬಿಡುವ ಕಿಣ್ವ ಅದು.

ಈ ವಿಷಯವನ್ನು ಓದುತ್ತಿರುವಾಗ ಹರಗೋಬಿಂದ ಖುರಾನರ ಜೀವನವನ್ನೂ ಓದಿದೆ. ಯಾವ ಮೂರಕ್ಷರಕ್ಕೆ ಯಾವ ಅಮೈನೋ ಆಮ್ಲ ಎಂಬುದನ್ನು ಗೊತ್ತುಮಾಡಿದವರಲ್ಲಿ ಅವರೊಬ್ಬರು. ಹಾಲಿ, ನೈರೆನ್‌ಬರ್ಗ್ ಅವರೊಡನೆ 1968ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡವರು. ಯೀಸ್ಟಿನ ಅಲನಿನ್ ಸಾಗಣೆಯ ಅಣುವಿಗೆ ಮೂಲವಾದ ಜೀನನ್ನು 1970ರ ವೇಳೆಗೆ ಪ್ರಯೋಗಶಾಲೆಯಲ್ಲಿಯೇ ಕಟ್ಟಿ ತೋರಿಸಿದ್ದೂ ಅವರ ತಂಡವೇ. ಅವರು ಹುಟ್ಟಿದ್ದು 1922ರಲ್ಲಿ, ಅಂದಿನ ಪಂಜಾಬಿನ, ಈಗ ಪಾಕಿಸ್ತಾನಕ್ಕೆ ಸೇರಿದ ರಾಯಪುರವೆಂಬ ಹಳ್ಳಿಯಲ್ಲಿ. ತಂದೆ ಪಟವಾರಿ, ಎಂದರೆ ನಮ್ಮ ಕಡೆಯ ಹಿಂದಿನ ಶಾನುಭೋಗರಂತೆ ಕಂದಾಯದ ಲೆಕ್ಕ ಬರೆಯುವವರು. ಸುಮಾರು 100 ಜನರ ಆ ಊರಿನಲ್ಲಿ ಓದುಬರಹ ಬಲ್ಲ ಮನೆ ಹೆಚ್ಚುಕಡಮೆ ತಮ್ಮದೊಂದೇ ಆಗಿತ್ತೆಂದು ಖುರಾನರೇ ಬರೆದಿದ್ದಾರೆ. ಅಂತಹ ಊರಿನಲ್ಲಿ ಅಕ್ಷರ ಬಲ್ಲ ಒಂದು ಮನೆಗೆ ಎಷ್ಟು ಜನ ಎಷ್ಟು ಕಾಗದಗಳನ್ನು ಹಿಡಿದು ಬಂದಿರಬಹುದೆಂದು ನಾನು ಯೋಚಿಸಿದ್ದುಂಟು.

ಏಕೆಂದರೆ ಈಗ ನಮ್ಮ ಮನೆಗೂ ಬರುತ್ತಾರೆ. ರಜೆಗೆ ಊರಿಗೆ ಹೋದರೆ ಕೈಕಾಲು ತೊಳೆಯುವುದರೊಳಗಾಗಿ ಯಾರಾದರೂ ಜಗಲಿಯ ಮೇಲೆ ಕುಳಿತಿರುತ್ತಾರೆ. "ಮಗ ಬಂದೌನಂತಲ್ಲ, ಇದ್ರಾಗೆ ಏನ್ ಬರ್ದೈತೆ ನೋಡಪ್ಪ" ಎಂದು ಪಹಣಿಯನ್ನೋ ಬ್ಯಾಂಕಿನ ಪತ್ರವನ್ನೋ ಮುಂದೆ ಹಿಡಿಯುತ್ತಾರೆ. ಕೆಲವೊಮ್ಮೆ ಅದು ಮೊಬೈಲಿಗೆ ಬಂದ ಇಂಗ್ಲಿಷ್ ಸಂದೇಶ. ಇಂದು ಯಂತ್ರವೇ ಅದನ್ನು ಕನ್ನಡಕ್ಕೆ ತಿರುಗಿಸಿ ಕೊಡುತ್ತದೆ, ನಿಜ. ಆದರೆ ಆ ಕನ್ನಡದಲ್ಲಿರುವ 'ಜಾಮೀನುದಾರ' ಎಂಬ ಪದದ ಕೆಳಗೆ ಹೆಬ್ಬೆಟ್ಟು ಒತ್ತಿದರೆ ತನ್ನ ಎಮ್ಮೆಗಳಿಗೆ ಏನಾದೀತೆಂದು ಮುದುಕನಿಗೆ ತಿಳಿಯಬೇಕಲ್ಲ! ಆದ್ದರಿಂದ ನಾನು ಕಾಗದವನ್ನು ಒಮ್ಮೆ ನನಗಾಗಿ ಓದುತ್ತೇನೆ, ಮತ್ತೊಮ್ಮೆ ಅವರಿಗೆ ಓದಿ ಹೇಳುತ್ತೇನೆ, ಆಮೇಲೆ "ನಿಮಗೆ ಏನು ತಿಳೀತು, ಹೇಳಿ ನೋಡೋಣ" ಎಂದು ಅವರ ಬಾಯಿಂದಲೇ ಕೇಳುತ್ತೇನೆ. ಹೊತ್ತಾಗುತ್ತದೆ. ಅವ್ವ ಒಳಗಿನಿಂದ ಊಟಕ್ಕೆ ಎರಡು ಸಲ ಕೂಗಿರುತ್ತಾಳೆ. ಐಸೋಲ್ಯೂಸಿನ್ ಕಿಣ್ವವೂ ಹೊತ್ತನ್ನೂ ಶಕ್ತಿಯನ್ನೂ ವೆಚ್ಚಮಾಡಿಯೇ ಅಲ್ಲವೆ ತನ್ನ ಹೊರೆಯನ್ನು ಎರಡನೆಯ ಸಲ ನೋಡುವುದು?

ಈ ವರ್ಷ ನಮ್ಮ ಕಾಲೇಜಿನಿಂದ ಪದವಿ ಪಡೆದು ಹೊರಡುವ ಅನೇಕರು ನನ್ನಂತೆಯೇ ತಮ್ಮ ಮನೆಯ ಮೊದಲ ಪದವೀಧರರು. ನಮಗೆ ಕೆಲಸ ಯಾವಾಗ ಸಿಕ್ಕೀತು, ಎಲ್ಲಿ ಸಿಕ್ಕೀತು ಎಂಬುದು ಯಾರಿಗೂ ತಿಳಿಯದು. ಆದರೆ ಒಂದು ಕೆಲಸ ಈಗಾಗಲೇ ನಮ್ಮ ಪಾಲಿಗೆ ಬಂದಿದೆ. ಅದಕ್ಕೆ ಅರ್ಜಿ ಹಾಕಬೇಕಾಗಿಲ್ಲ, ಸಂಬಳವೂ ಇಲ್ಲ. ಒಂದು ಕಡೆ ಕಚೇರಿಯ ಭಾಷೆ, ಇನ್ನೊಂದು ಕಡೆ ಮನೆಯ ಭಾಷೆ. ನಡುವೆ ಎರಡನ್ನೂ ಅಷ್ಟಿಷ್ಟು ಬಲ್ಲವರು ನಾವು. ಕಳೆದ ರಜೆಯಲ್ಲಿ ಅಪ್ಪ ಒಂದು ಹೊಸ ಕಾಗದವನ್ನು ತಂದು, ಏನೂ ಹೇಳದೆ ನನ್ನ ಮುಂದಿಟ್ಟು, ನಾನು ಓದಿ ಮುಗಿಸುವವರೆಗೆ ಎದುರಿಗೇ ಕುಳಿತಿದ್ದರು. ಅದು ಬೆಳೆವಿಮೆಯ ಅರ್ಜಿ. ಅದರಲ್ಲಿ ಹೆದರಬೇಕಾದುದೇನೂ ಇರಲಿಲ್ಲ. ಆದರೂ ಎರಡು ಸಲ ಓದಿದೆ.